ಅಳಿಸಿದ ಜಾಗದಲ್ಲಿ ತುಂಬುವುದೇನು?

ಕಳೆದ ವರ್ಷದ ಶ್ರಾವಣದಲ್ಲಿ ನಮ್ಮ ಬಹುಕಾಲದ ಪರಿಚಯದ ಮನೆತನವೊಂದರ ಯಜಮಾನರು ತಮ್ಮ ಮಗ ಮತ್ತು ಮಗಳೊಡನೆ ನಮ್ಮಲ್ಲಿಗೆ ಬಂದಿದ್ದರು. ಅವರ ಧರ್ಮಪತ್ನಿಯವರು ಲಿಂಗೈಕ್ಯರಾಗಿ ವರ್ಷ ತುಂಬುವುದರಲ್ಲಿತ್ತು. ಪುಣ್ಯಸ್ಮರಣೆಯ ದಿನ ಇರಿಸಿ ಹೂ ಏರಿಸಲು ಆ ತಾಯಿಯ ಭಾವಚಿತ್ರವೊಂದು ಬೇಕಾಗಿತ್ತು. ಆದರೆ ಆಕೆ ಜೀವಮಾನದಲ್ಲಿ ಕ್ಯಾಮೆರಾದ ಮುಂದೆ ನಿಲ್ಲಲು ಒಲ್ಲದವರು. ಆಧಾರ್ ಚೀಟಿಯಲ್ಲಿದ್ದ ಚಿತ್ರವನ್ನು ನೋಡಿದರೆ ಹೆತ್ತ ಮಕ್ಕಳಿಗೇ ಗುರುತು ಹತ್ತುವಂತಿರಲಿಲ್ಲ. ಉಳಿದದ್ದು ಒಂದೇ ಒಂದು: 1974ರಲ್ಲಿ ಮೈದುನನ ಮದುವೆಯಲ್ಲಿ ಮನೆಯ ಕಟ್ಟೆಯ ಮುಂದೆ ಹೆಣ್ಣುಮಕ್ಕಳೆಲ್ಲರನ್ನೂ ನಿಲ್ಲಿಸಿ ತೆಗೆದ ಕಪ್ಪುಬಿಳುಪಿನ ಗುಂಪುಚಿತ್ರ. ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲ. ಅದರಲ್ಲಿ ಆ ತಾಯಿ ಎಡಬದಿಗೆ ನಿಂತಿದ್ದಾರೆ. ಮುಖದಲ್ಲಿ ಸಣ್ಣ ನಗೆಯಿದೆ.

ಮಗನು ಚಿತ್ರವನ್ನು ನಮ್ಮ ಕೈಗಿತ್ತು, ಏನೇನು ತೆಗೆಯಬೇಕೆಂಬುದನ್ನು ಬೆರಳಿಟ್ಟು ತೋರಿಸಿದನು. ತಲೆಯ ಮೇಲಿಂದ ಹಾದುಹೋದ ಧ್ವನಿವರ್ಧಕದ ತಂತಿ, ಪಕ್ಕದಲ್ಲಿ ಅರ್ಧ ಕಾಣುವ ಕಬ್ಬಿಣದ ಮಡಚುವ ಕುರ್ಚಿ, ಹಿಂದಿನಿಂದ ಇಣುಕಿ ನೋಡುತ್ತಿರುವ ಹುಡುಗ, ಮೂಲೆಯಲ್ಲಿ ಕಾಗದ ಮಡಿಚಿದ ಗೆರೆ, ಅಲ್ಲಲ್ಲಿ ಬೂಸಲಿನ ಕಲೆ. ಕೊನೆಯದಾಗಿ ಒಂದು ಕೈ. ಆ ತಾಯಿಯ ಬಲಹೆಗಲ ಮೇಲೆ, ಪಕ್ಕದಲ್ಲಿ ನಿಂತ ಹೆಣ್ಣುಮಗಳೊಬ್ಬರ ಕೈ ಇತ್ತು. ಆ ಹೆಣ್ಣುಮಗಳನ್ನು ಕತ್ತರಿಸಿ ತೆಗೆದರೂ ಕೈ ಹೆಗಲ ಮೇಲೆಯೇ ಉಳಿಯುತ್ತದೆ. “ಇದನ್ನೂ ತೆಗೆಸಬಹುದಲ್ಲವೇ ಶಾಸ್ತ್ರಿಗಳೇ?” ಎಂದು ಕೇಳಿದನು. ಈಗಿನ ಕಾಲದಲ್ಲಿ ಅದೇನು ದೊಡ್ಡ ಮಾತು, ತೆಗೆಸಿಬಿಡಿರಿ ಎಂದು ನಾವು ಹೇಳಿದೆವು. ಆ ಕೈ ಯಾರದೆಂದು ಕೇಳಲಿಲ್ಲ. ಯಜಮಾನರು ಏನೂ ಆಡಲಿಲ್ಲ. ಅವರ ಮೌನವನ್ನು ನಾವು ಸಮ್ಮತಿಯೆಂದೇ ಎಣಿಸಿದೆವು.

ಈ ಕೆಲಸ ಹೇಗೆ ನಡೆಯುತ್ತದೆಂದು ನೋಡುವ ಕುತೂಹಲ ನಮಗೂ ಇದ್ದುದರಿಂದ, ಮರುದಿನ ಅವರೊಡನೆ ತಾಲೂಕಿನ ಊರಿನ ಸ್ಟುಡಿಯೋವೊಂದಕ್ಕೆ ಹೋದೆವು. ಇಂಥ ತಿದ್ದುವಿಕೆ ಇಂದು ನಿನ್ನೆಯದಲ್ಲ. ನಾವು ಮಠದ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಸ್ಟುಡಿಯೋದವರು ನೆಗೆಟಿವ್ ಫಿಲ್ಮಿನ ಮೇಲೆ ಮೊನೆಯಾದ ಪೆನ್ಸಿಲ್ಲಿನಿಂದ ಗೀಚಿ ಸಿಡುಬಿನ ಕಲೆಗಳನ್ನು ಮರೆಮಾಡುತ್ತಿದ್ದುದನ್ನು ಕಂಡಿದ್ದೇವೆ. ಅದಕ್ಕೆ ‘ಟಚಿಂಗ್’ ಎನ್ನುತ್ತಿದ್ದರು. ಅದರಲ್ಲಿ ಪಳಗಿದ ಕೈಗೆ ಊರಲ್ಲಿ ಬಲು ಬೆಲೆ. ವಿಶೇಷವಾಗಿ ವಧುಪರೀಕ್ಷೆಗೆ ಕಳಿಸುವ ಚಿತ್ರಗಳ ಕಾಲದಲ್ಲಿ. ಈಗ ಅದೇ ಕೆಲಸಕ್ಕೆ ಗಣಕಯಂತ್ರ ಬಂದಿದೆ. ಇವುಗಳಲ್ಲಿ ಹೆಸರಾದ ಫೋಟೋಶಾಪ್ ಎಂಬ ತಂತ್ರಾಂಶದ ಮೂಲ 1987ರಲ್ಲಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಥಾಮಸ್ ನಾಲ್ ಎಂಬವರು ಗಣಕದ ಪರದೆಯ ಮೇಲೆ ಬೂದುಬಣ್ಣದ ಛಾಯೆಗಳನ್ನು ತೋರಿಸಲೆಂದು ಬರೆದ ಕ್ರಮವಿಧಿಯೇ ಅದರ ಬೀಜ. ಅವರ ಸಹೋದರ ಜಾನ್ ನಾಲ್ ಸಿನಿಮಾದ ಚಮತ್ಕಾರದೃಶ್ಯಗಳನ್ನು ರಚಿಸುವ ಸಂಸ್ಥೆಯಲ್ಲಿದ್ದರು. ಇಬ್ಬರೂ ಕೂಡಿ ಬೆಳೆಸಿದ್ದನ್ನು ಅಡೋಬಿ ಸಂಸ್ಥೆಯು 1990ರಲ್ಲಿ ಮಾರುಕಟ್ಟೆಗೆ ತಂದಿತು. ಹಣ ಕೊಡಲಾಗದವರಿಗೆ ಜಿಂಪ್ ಎಂಬ ಉಚಿತ ತಂತ್ರಾಂಶವೂ ಇದೆ. ಮನೆಯ ಕೆಲಸಕ್ಕೆ ಅದು ಧಾರಾಳವಾಗಿ ಸಾಕು.

ಸ್ಟುಡಿಯೋದ ತರುಣನು ಮೊದಲು ಚಿತ್ರವನ್ನು ಸ್ಕ್ಯಾನರ್ ಯಂತ್ರದಲ್ಲಿಟ್ಟು, ಅಂಗುಲಕ್ಕೆ 600 ಚುಕ್ಕೆಗಳಂತೆ ಗಣಕಕ್ಕೆ ಇಳಿಸಿಕೊಂಡನು. ಆರು ಅಂಗುಲಕ್ಕೆ 3600, ನಾಲ್ಕು ಅಂಗುಲಕ್ಕೆ 2400. ಗುಣಿಸಿದರೆ 86 ಲಕ್ಷ 40 ಸಾವಿರ ಚುಕ್ಕೆಗಳಾದವು. ಗಣಕದ ಪಾಲಿಗೆ ಆ ತಾಯಿಯೂ ತಂತಿಯೂ ಕುರ್ಚಿಯೂ ಈ ಚುಕ್ಕೆಗಳೇ. ಒಂದೊಂದು ಚುಕ್ಕೆಯೂ ಎಷ್ಟು ಬೆಳಕು, ಎಷ್ಟು ಕತ್ತಲೆ ಎಂಬ ಸಂಖ್ಯೆ, ಅಷ್ಟೇ. ಫೋಟೋವನ್ನು ಮೊಬೈಲಿನಲ್ಲಿ ಮತ್ತೆ ಫೋಟೋ ಹಿಡಿದು ಕಳಿಸುವವರು ಬಹಳ ಜನರಿದ್ದಾರೆ. ಅದರಲ್ಲಿ ಹೊಳಪು ಕುಕ್ಕುತ್ತದೆ, ಅಂಚು ಬಾಗುತ್ತದೆ. ಹಳೆಯ ಚಿತ್ರಕ್ಕೆ ಸ್ಕ್ಯಾನರೇ ತಕ್ಕುದೆಂದು ತರುಣನು ಹೇಳಿದ್ದು ನಮಗೆ ಸರಿಯೆಂದು ತೋರಿತು.

ಬಳಿಕ ಅವನು ಬೂಸಲಿನ ಕಲೆಗಳಿಗೆ ಕೈಹಾಕಿದನು. ಇಲ್ಲಿ ಬಳಸುವ ಮುಖ್ಯ ಉಪಕರಣಗಳು ಎರಡು. ಒಂದಕ್ಕೆ ಕ್ಲೋನ್ ಸ್ಟಾಂಪ್ ಎಂದು ಹೆಸರು. ಚಿತ್ರದ ನಿರ್ಮಲವಾದ ಒಂದು ಭಾಗವನ್ನು ಮಾದರಿಯೆಂದು ಗುರುತಿಸಿ, ಕಲೆಯ ಮೇಲೆ ಉಜ್ಜಿದರೆ ಆ ಭಾಗದ ಯಥಾಪ್ರತಿಯು ಇಲ್ಲಿ ಮೂಡುತ್ತದೆ. ಗೋಡೆಯ ಗಾರೆ ಕಿತ್ತುಹೋದಲ್ಲಿ ಪಕ್ಕದ ಗಾರೆಯನ್ನು ತಂದು ಮೆತ್ತಿದಂತೆ. ಆದರೆ ಪಕ್ಕದ ಗಾರೆ ತುಸು ಬಿಳುಪಾಗಿದ್ದರೆ ತೇಪೆ ಎದ್ದುಕಾಣುತ್ತದೆ. ಈ ಕೊರತೆಯನ್ನು ನೀಗಿಸಲು 2002ರಲ್ಲಿ ಹೀಲಿಂಗ್ ಬ್ರಷ್ ಎಂಬ ಎರಡನೆಯ ಉಪಕರಣ ಬಂದಿತು. ಅದು ಮಾದರಿಯಿಂದ ಮೇಲ್ಮೈಯ ನೇಯ್ಗೆಯನ್ನಷ್ಟೇ ತೆಗೆದುಕೊಂಡು, ಬೆಳಕು ನೆರಳುಗಳನ್ನು ಕಲೆಯ ಸುತ್ತಲಿನ ಜಾಗಕ್ಕೆ ಹೊಂದಿಸಿಕೊಳ್ಳುತ್ತದೆ. ಚರ್ಮ, ಗೋಡೆ, ಆಕಾಶಗಳಿಗೆ ಇದು ಉತ್ತಮ. ಆದರೆ ಕಪ್ಪು ಬಿಳುಪು ಥಟ್ಟನೆ ಸಂಧಿಸುವ ಅಂಚಿನಲ್ಲಿ, ಉದಾಹರಣೆಗೆ ಕೂದಲು ಮತ್ತು ಹಣೆ ಕೂಡುವೆಡೆಯಲ್ಲಿ, ಬಣ್ಣ ಕಲಸಿಹೋಗಿ ಮಸುಕು ಹಬ್ಬುತ್ತದೆ. ಅಲ್ಲಿ ಮತ್ತೆ ಹಳೆಯ ಸ್ಟಾಂಪಿಗೇ ಮರಳಬೇಕು.

ತಂತಿಯನ್ನು ತೆಗೆಯುವಾಗ ತರುಣನು ಒಂದೇ ಮಾದರಿಯಿಂದ ಉಜ್ಜದೆ ಮತ್ತೆ ಮತ್ತೆ ಹೊಸ ಜಾಗವನ್ನು ಆರಿಸಿಕೊಳ್ಳುತ್ತಿದ್ದನು. ಏಕೆಂದು ಕೇಳಿದೆವು. “ಅಜ್ಜಾರ, ಒಂದ ಕಡೆಯಿಂದ ತಗೊಂಡ್ರ ಗ್ವಾಡಿ ಮ್ಯಾಲೆ ಅದ ಬಿರುಕು ನಾಕು ಸಲ ಕಾಣತೈತ್ರಿ” ಎಂದನು. ಒಳ್ಳೆಯ ಮಾತು. ಕಳ್ಳಕೆಲಸ ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಂಥ ಪುನರುಕ್ತಿಯಿಂದಲೇ. ಕುರ್ಚಿಯನ್ನು ತೆಗೆದ ಮೇಲೆ ನೆಲದ ಮೇಲೆ ಅದರ ನೆರಳು ಮಾತ್ರ ಉಳಿದುಕೊಂಡಿತ್ತು; ನಾವೇ ಅದನ್ನು ತೋರಿಸಿದೆವು. ವಸ್ತುವನ್ನು ತೆಗೆಯುವವನು ಅದರ ನೆರಳನ್ನೂ ತೆಗೆಯಬೇಕು, ಆಯ್ಕೆಯ ಗೆರೆಯನ್ನು ವಸ್ತುವಿನ ಅಂಚಿಗಿಂತ ಕೂದಲೆಳೆಯಷ್ಟು ಹೊರಗೆ ಎಳೆಯಬೇಕು. ಇಲ್ಲವಾದರೆ ಸುತ್ತ ಒಂದು ಪ್ರೇತರೇಖೆ ಉಳಿಯುತ್ತದೆ. ಇವನ್ನೆಲ್ಲ ಆ ತರುಣನು ಬಲ್ಲವನೇ. ಊಟದ ಹೊತ್ತು ಸಮೀಪಿಸಿದ್ದರಿಂದ ಅವಸರವಾಗಿತ್ತು.

ಇಲ್ಲಿಯವರೆಗೆ ನಡೆದದ್ದೆಲ್ಲ ಕೈಕೆಲಸ. ಹುಡುಗನನ್ನು ತೆಗೆಯುವಾಗ ಮಾತ್ರ ತರುಣನು ಅವನ ಸುತ್ತ ಒಂದು ಗೆರೆ ಎಳೆದು ಕೀಲಿಯೊಂದನ್ನು ಒತ್ತಿದನು; ಹುಡುಗ ಮಾಯವಾಗಿ ಅಲ್ಲಿ ಗೋಡೆ ಬಂದಿತು. ಈ ವಿದ್ಯೆಯ ಹಿಂದೆ ವಿದ್ವಾಂಸರ ಪರಿಶ್ರಮವಿದೆ. 2000ದಲ್ಲಿ ಬರ್ತಾಲ್ಮಿಯೋ, ಸಪಿರೋ, ಕಾಸೆಯೆಸ್, ಬಾಯೆಸ್ತೆರ್ ಎಂಬ ನಾಲ್ವರು ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹಳೆಯ ವರ್ಣಚಿತ್ರಗಳ ಬಿರುಕು ತುಂಬುವವರ ಕಸಬನ್ನು ಗಣಿತಕ್ಕೆ ಇಳಿಸಿದರು. ಖಾಲಿಯಾದ ಜಾಗದ ಅಂಚಿಗೆ ಬಂದು ನಿಂತ ಗೆರೆಗಳನ್ನು ಒಳಮುಖವಾಗಿ ಮುಂದುವರಿಸುವುದು ಅದರ ತತ್ತ್ವ. 2009ರಲ್ಲಿ ಪ್ಯಾಚ್‌ಮ್ಯಾಚ್ ಎಂಬ ಇನ್ನೊಂದು ವಿಧಾನ ಬಂದಿತು. ಖಾಲಿ ಜಾಗದ ಅಂಚಿಗೆ ಹೋಲುವ ತುಣುಕುಗಳನ್ನು ಅದೇ ಚಿತ್ರದ ಬೇರೆಡೆಗಳಲ್ಲಿ ಅತಿವೇಗದಿಂದ ಹುಡುಕಿ ತಂದು ಹೊಂದಿಸುವುದು ಅದರ ಬಗೆ. ಮರುವರ್ಷ, ಎಂದರೆ 2010ರಲ್ಲಿ, ಫೋಟೋಶಾಪಿನಲ್ಲಿ ‘ಕಂಟೆಂಟ್ ಅವೇರ್ ಫಿಲ್’ ಎಂಬ ಹೆಸರಿನಿಂದ ಈ ಬಗೆಯ ತುಂಬುವಿಕೆ ಬಂದಿತು. 2021ರಲ್ಲಿ ಗೂಗಲ್ ಸಂಸ್ಥೆಯ ಪಿಕ್ಸೆಲ್ ಫೋನಿಗೆ ‘ಮ್ಯಾಜಿಕ್ ಇರೇಸರ್’ ಬಂದ ಮೇಲೆ ಮಕ್ಕಳೂ ಬೆರಳಿನಿಂದಲೇ ಈ ಕೆಲಸ ಮಾಡುವಂತಾಯಿತು. 2023ರಿಂದ ಇನ್ನೂ ಒಂದು ಹೆಜ್ಜೆ ಮುಂದಾಗಿದೆ: ಫೋಟೋಶಾಪಿನ ಕೃತಕ ಬುದ್ಧಿಯು, ತಾನು ಕಲಿತ ಅಸಂಖ್ಯ ಬೇರೆ ಚಿತ್ರಗಳ ಬಲದಿಂದ, ಖಾಲಿ ಜಾಗದಲ್ಲಿ ಏನಿದ್ದರೆ ಒಪ್ಪುತ್ತದೆಂದು ಊಹಿಸಿ ಹೊಸದಾಗಿಯೇ ಚಿತ್ರಿಸುತ್ತದೆ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ‘ಅಳಿಸುವುದು’ ಎಂಬ ಮಾತೇ ನಮ್ಮನ್ನು ದಾರಿತಪ್ಪಿಸುತ್ತದೆ. ಪಾಟಿಯ ಮೇಲಿನ ಅಕ್ಷರವನ್ನು ಅಳಿಸಿದರೆ ಕೆಳಗೆ ಪಾಟಿ ಇದೆ. ಛಾಯಾಚಿತ್ರದಲ್ಲಿ ಹುಡುಗನನ್ನು ಅಳಿಸಿದರೆ ಕೆಳಗೆ ಗೋಡೆ ಇಲ್ಲ. ಅವನ ಹಿಂದಿನ ಗೋಡೆಯ ಬೆಳಕು ಆ ದಿನ ಕ್ಯಾಮೆರಾವನ್ನು ಮುಟ್ಟಲೇ ಇಲ್ಲ. ಆದ್ದರಿಂದ ಯಂತ್ರವು ಏನನ್ನೂ ಅನಾವರಣ ಮಾಡುತ್ತಿಲ್ಲ, ತುಂಬುತ್ತಿದೆ. ಮೊದಲು ನೆರೆಯ ಜಾಗದಿಂದ ತಂದು ತುಂಬುತ್ತಿತ್ತು, ಆಮೇಲೆ ಚಿತ್ರದ ಯಾವ ಮೂಲೆಯಿಂದಾದರೂ, ಈಗ ಯಾರದೋ ಮನೆಯ, ಯಾವುದೋ ದೇಶದ ಚಿತ್ರಗಳನ್ನು ನೋಡಿ ಪಡೆದ ಅನುಭವದಿಂದ. ಕಾಗದದ ಮೇಲಿನ ಬೂಸಲಿನ ಕಲೆಯ ಮಾತು ಬೇರೆ. ಅದು 1974ರ ಆ ದಿನ ಅಲ್ಲಿರಲಿಲ್ಲ, ಪೆಟ್ಟಿಗೆಯೊಳಗೆ ಬಂದು ಸೇರಿದ್ದು. ಅದನ್ನು ತೆಗೆಯುವುದು ಧೂಳು ಒರೆಸಿದಂತೆ. ಹುಡುಗನಾದರೋ ಅಲ್ಲಿದ್ದನು.

ಈ ವಿವೇಚನೆ ನಮಗೆ ಆಗಲೇ ಹೊಳೆದಿದ್ದರೆ ಚೆನ್ನಾಗಿತ್ತು. ತರುಣನು ಕೊನೆಗೆ ಕೈಯನ್ನು ತೆಗೆದನು. ಮೂರು ಸಲ ಕೀಲಿ ಒತ್ತಿದನು, ಮೂರು ಬಗೆಯ ಹೆಗಲು ಬಂದವು. ಮಗನು ಎರಡನೆಯದನ್ನು ಆರಿಸಿದನು. ಎಲ್ಲರೂ ಮೆಚ್ಚಿದೆವು. ದೊಡ್ಡದಾಗಿ ಮುದ್ರಿಸಿ ಮನೆಗೆ ಒಯ್ದರು.

ಮೂರನೆಯ ದಿನ ಮಗಳು ಒಬ್ಬಳೇ ಬಂದಳು. ಕೈಚೀಲದಿಂದ ಹಳೆಯ ಇಳಕಲ್ ಸೀರೆಯೊಂದನ್ನು ತೆಗೆದು ನಮ್ಮ ಮುಂದಿಟ್ಟಳು. ತಾಯಿಯ ಟ್ರಂಕಿನಲ್ಲಿ ಕಾದಿರಿಸಿದ ಸೀರೆ. ಚಿತ್ರದಲ್ಲಿ ಆಕೆ ಉಟ್ಟದ್ದೂ ಅದೇ. “ಶಾಸ್ತ್ರಿಗಳೇ, ಫೋಟೋದಾಗ ಇರೋದು ಅವ್ವನ ಸೀರಿ ಅಲ್ಲರಿ” ಎಂದಳು. ಹೋಲಿಸಿ ನೋಡಿದೆವು. ಟೋಪತೆನಿಯ ಸೆರಗಿನಲ್ಲಿ ತೆನೆಗಳು ಒಂದೇ ಅಳತೆಯಲ್ಲಿ ಸಾಲಾಗಿ ಬರುತ್ತವೆ. ಕೈ ಇದ್ದ ಜಾಗದಲ್ಲಿ ಯಂತ್ರವು ತೆನೆಯಂಥ ಏನನ್ನೋ ಒಂದು ಗಿಡ್ಡ, ಒಂದು ಉದ್ದವಾಗಿ ಬರೆದು, ಅಂಚಿನ ದಡಿಯನ್ನು ಹೆಗಲ ನಡುವೆಯೇ ನಿಲ್ಲಿಸಿಬಿಟ್ಟಿತ್ತು. ನೇಕಾರನು ಎಂದೂ ನೇಯದ ಸೆರಗು ಅದು. ನಾವು ಯಾರೂ ಅದನ್ನು ಕಾಣಲಿಲ್ಲ. ಆ ಸೀರೆಯನ್ನು ಒಗೆದು ಮಡಿಚಿದ ಮಗಳು ಕಂಡಳು.

ಅವಳು ಇನ್ನೊಂದು ಮಾತನ್ನೂ ಹೇಳಿದಳು. ಅವಳ ಮೊಮ್ಮಗು ಚಿತ್ರವನ್ನು ನೋಡಿ, “ಮುತ್ತಜ್ಜಿ ಯಾಕ ವಾಲ್ಯಾಳ?” ಎಂದು ಕೇಳಿತಂತೆ. ನಾವು ಮತ್ತೆ ನೋಡಿದೆವು. ಹೌದು, ಆ ತಾಯಿಯ ತಲೆ ಬಲಕ್ಕೆ ತುಸು ವಾಲಿದೆ. ಹೆಗಲ ಮೇಲೆ ಸೆರಗು ಒತ್ತಿ ಕುಳಿಬಿದ್ದಿದೆ. ಒತ್ತಿದ ಕೈ ಇಲ್ಲ, ಒತ್ತಿದ ಗುರುತಿದೆ. ಒರಗಿದವರಿಲ್ಲ, ಒರಗಿದ ಭಂಗಿಯಿದೆ. ಮೂಲಚಿತ್ರದಲ್ಲಿ ಯಾರೊಡನೆಯೋ ನಗುತ್ತ ನಿಂತಂತೆ ತೋರುತ್ತಿದ್ದ ಮುಖವು ಇಲ್ಲಿ ಬೇನೆ ಬಿದ್ದವರ ಮುಖದಂತೆ ಕಾಣುತ್ತಿತ್ತು. ಮುಖದ ಒಂದು ಚುಕ್ಕೆಯನ್ನೂ ತರುಣನು ಮುಟ್ಟಿರಲಿಲ್ಲ.

ಆ ಕೈ ಯಾರದೆಂದು ಆಗ ಕೇಳಿದೆವು. ಆಕೆಯ ತವರಿನ ಹಿರಿಯಕ್ಕನದು, ಈ ಮಕ್ಕಳ ದೊಡ್ಡವ್ವನದು. ತವರಿನ ಹೊಲದ ಹಂಚಿಕೆಯಲ್ಲಿ ಮಾತು ಬೆಳೆದು, ಇಪ್ಪತ್ತೆರಡು ವರ್ಷಗಳಿಂದ ಎರಡೂ ಮನೆಗಳಿಗೆ ಹೋಗಿಬರುವುದು ನಿಂತಿತ್ತು. ದೊಡ್ಡವ್ವ ಇನ್ನೂ ಇದ್ದಾರೆ. ಅಂತ್ಯಕ್ರಿಯೆಗೂ ಅವರಿಗೆ ಹೇಳಿಕಳಿಸಲಿಲ್ಲವಂತೆ. ಮಗನು ‘ಬೇಡವಾದ ವಸ್ತು’ಗಳ ಸಾಲಿನಲ್ಲಿ ಆ ಕೈಯನ್ನು ಕೊನೆಯದಾಗಿ ತೋರಿಸಿದ್ದು ಏಕೆ, ಯಜಮಾನರು ಏಕೆ ಬಾಯಿ ತೆರೆಯಲಿಲ್ಲ ಎಂಬುದು ನಮಗೆ ಈಗ ತಿಳಿಯಿತು. ಕೇಳದೆ ಸಲಹೆ ಕೊಟ್ಟ ತಪ್ಪು ನಮ್ಮದು.

ನಮಗೆ ಹೆಚ್ಚು ನಾಚಿಕೆಯಾದದ್ದಕ್ಕೆ ಬೇರೊಂದು ಕಾರಣವಿತ್ತು. ಮಠದಲ್ಲಿ ನಮ್ಮ ಗುರುಗಳು ಓಲೆಗರಿಗಳನ್ನು ಪ್ರತಿಮಾಡುವ ಕೆಲಸಕ್ಕೆ ನಮ್ಮನ್ನು ಹಚ್ಚಿದಾಗ ಮೊಟ್ಟಮೊದಲು ಕಲಿಸಿದ ಶಿಸ್ತು ಇದೇ ಆಗಿತ್ತು. ಹುಳು ತಿಂದು ಗರಿಯಲ್ಲಿ ನಾಲ್ಕಕ್ಷರ ಹೋಗಿದ್ದರೆ, ಆ ಅಕ್ಷರಗಳು ಯಾವುವೆಂದು ಛಂದಸ್ಸಿನಿಂದ ಎಷ್ಟೇ ಖಚಿತವಾಗಿ ಊಹಿಸಬಹುದಾದರೂ, ಸುಮ್ಮನೆ ಬರೆದುಬಿಡಕೂಡದು. ಹೋದ ಜಾಗದಲ್ಲಿ ಚುಕ್ಕೆ ಇಡಬೇಕು. ಊಹೆಯನ್ನು ಬರೆಯಲೇಬೇಕೆಂದರೆ ಕಂಸದೊಳಗೆ ಬರೆಯಬೇಕು. ಒಮ್ಮೆ ನಾವು ಜಾಣತನದಿಂದ ಕಂಸವಿಲ್ಲದೆ ಒಂದು ಪದವನ್ನು ತುಂಬಿದ್ದೆವು. ಗುರುಗಳು ಆ ಹಾಳೆಯನ್ನೇ ಮತ್ತೆ ಬರೆಯಿಸಿದರು. ನಮ್ಮ ಪದ ಸರಿಯೋ ತಪ್ಪೋ ಎಂಬುದನ್ನು ಅವರು ವಿಚಾರಿಸಲೂ ಇಲ್ಲ.

ಕಂಸವಿಲ್ಲದ ತುಂಬುವಿಕೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಜಗತ್ತಿನಲ್ಲಿ ಹೆಸರಾದ ನಿದರ್ಶನಗಳಿವೆ. ರಷ್ಯದಲ್ಲಿ ಸ್ಟಾಲಿನ್ನನ ಗುಪ್ತಪೊಲೀಸರ ಮುಖ್ಯಸ್ಥನಾಗಿದ್ದ ಯೆಜೋವ್ ಎಂಬವನು, ಮಾಸ್ಕೋ–ವೋಲ್ಗಾ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿ ನಿಂತ ಚಿತ್ರವಿದೆ. 1940ರಲ್ಲಿ ಅವನಿಗೆ ಮರಣದಂಡನೆಯಾಯಿತು. ಆಮೇಲಿನ ಪ್ರತಿಯಲ್ಲಿ ಅವನು ನಿಂತಿದ್ದ ಜಾಗದಲ್ಲಿ ಕಾಲುವೆಯ ನೀರಿದೆ. ಆಗ ಗಣಕವಿರಲಿಲ್ಲ, ಕುಂಚ, ಕತ್ತರಿಗಳಿಂದಲೇ ಅದೆಲ್ಲ ಆಯಿತು. ದುರುದ್ದೇಶವಿಲ್ಲದ ನಿದರ್ಶನವೂ ಒಂದುಂಟು. 1970ರ ಮೇ 4ರಂದು ಅಮೆರಿಕದ ಓಹಾಯೋ ಪ್ರಾಂತದ ಕೆಂಟ್ ವಿಶ್ವವಿದ್ಯಾಲಯದಲ್ಲಿ ರಕ್ಷಣಾದಳದವರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ಸತ್ತವನ ಮುಂದೆ ಮಂಡಿಯೂರಿ ಬಾಯ್ದೆರೆದು ಗೋಳಿಡುವ 14 ವರ್ಷದ ಬಾಲಕಿಯ ಚಿತ್ರವನ್ನು ಜಾನ್ ಫಿಲೋ ಎಂಬ ವಿದ್ಯಾರ್ಥಿ ತೆಗೆದನು. ಅದಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಬಾಲಕಿಯ ತಲೆಯ ಹಿಂದೆ ಬೇಲಿಯ ಕಂಬವೊಂದು, ತಲೆಯಿಂದಲೇ ಮೊಳೆತಂತೆ ನಿಂತಿದೆ. ನೋಟಕ್ಕೆ ಅಡ್ಡಿಯೆಂದು ಯಾರೋ ಅದನ್ನು ತೆಗೆದರು. 1995ರಲ್ಲಿ ಲೈಫ್ ಪತ್ರಿಕೆಯು ಕಂಬವಿಲ್ಲದ ಆ ಪ್ರತಿಯನ್ನೇ ಮುದ್ರಿಸಿ ಟೀಕೆಗೆ ಗುರಿಯಾಯಿತು. ತಮ್ಮ ಚಿತ್ರಭಂಡಾರದಿಂದ ಬಂದದ್ದೇ ಹಾಗಿತ್ತೆಂದು ಪತ್ರಿಕೆಯವರು ಹೇಳಿದರು. ಕಂಬದಿಂದ ಯಾರಿಗೂ ಲಾಭನಷ್ಟವಿಲ್ಲ. ಆದರೂ ಸತ್ತವರಿರುವ ಚಿತ್ರದಲ್ಲಿ ಒಂದು ಸುಳ್ಳು, ತಾನು ಸುಳ್ಳೆಂದು ಹೇಳಿಕೊಳ್ಳದೆ, ವರ್ಷಗಟ್ಟಲೆ ಕುಳಿತಿತ್ತು.

ಇದರಿಂದ ಫೋಟೋಗಳನ್ನು ತಿದ್ದಲೇಬಾರದೆಂದು ನಾವು ಹೇಳುವವರಲ್ಲ. ಪ್ರವಾಸದ ಚಿತ್ರದಲ್ಲಿ ಬಿದ್ದ ಕಸದ ಬುಟ್ಟಿಯನ್ನು ತೆಗೆದರೆ ಯಾರಿಗೇನು? ನಮ್ಮ ಮಾತು ಮನೆಯ ಪೆಟ್ಟಿಗೆಯಲ್ಲಿರುವ, ಇನ್ನೊಂದು ಪ್ರತಿಯಿಲ್ಲದ ಹಳೆಯ ಚಿತ್ರಗಳ ಕುರಿತದ್ದು. ಅಂಥವನ್ನು ಮೊದಲು ಇದ್ದಂತೆಯೇ, ಕಲೆ ಗೆರೆಗಳ ಸಮೇತ ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಮುಟ್ಟದೆ ತೆಗೆದಿಡಬೇಕು. ಜೆಪೆಗ್ ರೂಪದಲ್ಲಿ ಉಳಿಸಿದಾಗಲೆಲ್ಲ ಸ್ವಲ್ಪ ಸೂಕ್ಷ್ಮತೆ ಕಳೆಯುವುದರಿಂದ ಟಿಫ್ ರೂಪದಲ್ಲಿರಲಿ. ಹಿಂಬದಿಯ ಬರವಣಿಗೆಯನ್ನೂ ಸ್ಕ್ಯಾನ್ ಮಾಡಿಸುವುದನ್ನು ಮರೆಯಬಾರದು. ತಿದ್ದುವುದನ್ನು ಚಿತ್ರದ ಮೇಲೆಯೇ ಮಾಡದೆ ಬೇರೆ ‘ಲೇಯರ್’ ಎಂದರೆ ಪದರದಲ್ಲಿ ಮಾಡಿಸಬೇಕು. ಈ ಪದರವು ಚಿತ್ರದ ಮೇಲೆ ಹಾಸಿದ ಗಾಜಿನಂತೆ. ಗಾಜಿನ ಮೇಲೆ ಬರೆದದ್ದನ್ನು ಬೇಕೆಂದಾಗ ಸರಿಸಿ ಕೆಳಗಿನದನ್ನು ನೋಡಬಹುದು. ನಮ್ಮ ಗುರುಗಳ ಕಂಸ ಇಲ್ಲಿ ಈ ರೂಪದಲ್ಲಿ ಸಿಕ್ಕಿತೆಂದು ನಮಗೆ ಸಂತೋಷವಾಯಿತು. ಮುಖದ ಮೇಲೆ ಮಾತ್ರ ಕೃತಕ ಬುದ್ಧಿಯ ಊಹೆಯನ್ನು ಬಿಡಿಸಕೂಡದು. ಅದು ತರುವ ಕಣ್ಣು ಸುಂದರವಾಗಿಯೇ ಇರುತ್ತದೆ, ನಿಮ್ಮ ಅಜ್ಜಿಯದಾಗಿರುವುದಿಲ್ಲ.

ಅದೃಷ್ಟವಶಾತ್ ಆ ತರುಣನು ಎಲ್ಲವನ್ನೂ ಪದರಗಳಲ್ಲಿಯೇ ಮಾಡಿದ್ದನು. ಮಗಳೊಡನೆ ನಾವು ಮತ್ತೆ ಹೋಗಿ ಕೇಳಿದಾಗ, ಬೂಸಲು, ಮಡಿಕೆ, ತಂತಿ, ಕುರ್ಚಿಗಳ ತಿದ್ದುಪಡಿಯನ್ನು ಹಾಗೆಯೇ ಇಟ್ಟು, ಕೈಯ ಮೇಲಿನ ಪದರವನ್ನು ಮಾತ್ರ ಸರಿಸಿದನು. ಕೈ ಮರಳಿ ಬಂದಿತು. ಬಳೆಗಳಿದ್ದ ಮಣಿಕಟ್ಟಿನವರೆಗೆ ಇರಿಸಿ, ಅಲ್ಲಿಗೆ ಚೌಕಟ್ಟಿನ ಅಂಚು ಬರುವಂತೆ ಕತ್ತರಿಸಿದನು. ಹುಡುಗನನ್ನೂ ಮರಳಿ ತರೋಣವೇ ಎಂದು ಕೇಳಿದೆವು. ಮಗಳು ನಕ್ಕು, ಅವನು ಓಣಿಯ ಹುಡುಗ, ಅವನು ಬೇಡವೆಂದಳು.

ಎರಡೂ ಪ್ರತಿಗಳನ್ನು ಯಜಮಾನರ ಮುಂದಿಟ್ಟಾಗ ಮಗನು ಕೈಯಿಲ್ಲದ್ದನ್ನೇ ಹಿಡಿದನು. ಯಜಮಾನರು ಬಹಳ ಹೊತ್ತು ನೋಡಿ, ಕೈ ಇದ್ದುದರ ಮೇಲೆ ಬೆರಳಿಟ್ಟು, “ಇದು ಅಕಿ ನಕ್ಕದ್ದು” ಎಂದರು. ಪುಣ್ಯಸ್ಮರಣೆಗೆ ಅದನ್ನೇ ಇರಿಸಿದರು. ದೊಡ್ಡವ್ವನಿಗೆ ಹೇಳಿಕಳಿಸಿದರೋ ಇಲ್ಲವೋ ನಾವು ಕೇಳಲಿಲ್ಲ. ಆ ದಿನ ಅವರು ಬಂದಿರಲಿಲ್ಲ. ಚಿತ್ರ ಈಗ ಪಡಸಾಲೆಯ ಗೋಡೆಯ ಮೇಲಿದೆ. ಬಂದವರ ಕಣ್ಣು ಮೊದಲು ಆ ಕೈಯ ಮೇಲೆಯೇ ಬೀಳುತ್ತದೆಂದು ಮಗನು ಇಂದಿಗೂ ಆಕ್ಷೇಪಿಸುತ್ತಾನೆ. ಅವನ ಮಾತಿನಲ್ಲಿ ಸುಳ್ಳಿಲ್ಲ. ನಾವು ಮೊನ್ನೆ ಹೋದಾಗ ನಮ್ಮ ಕಣ್ಣೂ ಮೊದಲು ಅಲ್ಲಿಗೇ ಹೋಯಿತು.